ಹೆಬ್ಬೆರಳು

ಊರ ಹೆಸರು ದಿಬ್ಬಾ.
ನಮ್ಮ ದಿಬ್ಬವೇ ಇರಬೇಕು, ಇಲ್ಲಿಗೆ ಬಂದು
ದೀರ್ಘ ಎಳೆದುಕೊಂಡಿದೆ ಅಂದೆ ಕಾರಿನಲ್ಲಿ.
ಇವರು ನಗಲಿಲ್ಲ. ಬೆನ್ನ ಹಿಂದೆ ಬೋಳು ಬೆಟ್ಟ,
ಎದುರಿಗೆ ಕಡಲು, ನಡುವೆ
ಈದ್ ರಜೆಯ ಮೂರು ದಿನ.

ಶಾರ್ಜಾದ ಲಾಂಡ್ರಿ ಕೌಂಟರಿನಲ್ಲಿ ಹನ್ನೊಂದು ವರ್ಷ
ಬಿಳಿ ಕಂದೂರಗಳಿಗೆ ಚೀಟಿ ಚುಚ್ಚಿದವಳು ನಾನು.
ನೀರೆಂದರೆ ದುಂಡು ಗಾಜಿನ ಬಾಗಿಲಾಚೆ ತಿರುಗುವ ನೊರೆ.
ಈಜು? ಬಾತಿ ಕೆರೆಯಲ್ಲಿ ಮೊಣಕಾಲುದ್ದ, ಅದೂ ಲಂಗ ಎತ್ತಿ ಹಿಡಿದು.
ಸ್ಕೂಟರು? ಮದುವೆಯಾದ ವರ್ಷ ಹೈಸ್ಕೂಲು ಮೈದಾನದಲ್ಲಿ
ಇವರು ಹಿಂದೆ ಓಡುತ್ತ ಓಡುತ್ತ ಕೈಬಿಟ್ಟರು,
ನಾನು ಬ್ರೇಕು ಬಿಟ್ಟು ಬೇರೆಲ್ಲ ಒತ್ತಿದೆ.
ಚರಂಡಿ. ಮೊಣಕಾಲಲ್ಲಿ ಐದು ಹೊಲಿಗೆ.
ಅಲ್ಲಿಂದೀಚೆಗೆ ಹಿಂದಿನ ಸೀಟು:
ಚೀಲ, ತರಕಾರಿ, ನಾನು.

ರೋಮೆಲ್ ಎಂಬ ಹುಡುಗ ದೋಣಿಯಲ್ಲಿ ಪಾಠ ಹೇಳಿದ.
ಕಿಕ್ ಇಲ್ಲ, ಗೇರಿಲ್ಲ, ಹಾರ್ನ್ ಇಲ್ಲ ದೀದಿ.
ಬಲಗೈಗೆ ಹಸಿರು ಗುಂಡಿ, ಒತ್ತಿದರೆ ಮುಂದೆ.
ತಲೆಗೆ ಗಾಜಿನ ಗುಡಾಣ, ಒಳಗೆ ಗಾಳಿ.
ಕಿವಿ ಹಿಡಿದರೆ ಉಗುಳು ನುಂಗು, ಆಕಳಿಸು.
ಎಲ್ಲ ಸರಿಯಿದ್ದರೆ ಎರಡು ಬೆರಳ ಉಂಗುರ,
ಮೇಲೆ ಬರಬೇಕಿದ್ದರೆ ಹೆಬ್ಬೆರಳು.
ತಲೆಯಾಡಿಸಿದೆ, ಗಿರಾಕಿಗಳ ಅರಬ್ಬಿಗೆ ತಲೆಯಾಡಿಸುವ ಹಾಗೆ.

ಇವರು ಬರಲಿಲ್ಲ. ಅಲೆಗೆ ಹೊಟ್ಟೆ ತೊಳಸಿ
ನನ್ನ ಚಪ್ಪಲಿ, ವ್ಯಾನಿಟಿ ಬ್ಯಾಗು ತೊಡೆಯ ಮೇಲಿಟ್ಟು ಕೂತರು,
ಮದುವೆಮನೆಯಲ್ಲಿ ಯಾರದೋ ಕೂಸನ್ನು ಹಿಡಿದುಕೊಂಡಂತೆ.

ಇಳಿದೆ.
ಕುತ್ತಿಗೆಯವರೆಗೆ ಸಮುದ್ರ. ಕುತ್ತಿಗೆಯ ಮೇಲೆ
ಬೆಳಗಿನ ಒಗ್ಗರಣೆ ಮಂಡಕ್ಕಿಯ ಈರುಳ್ಳಿ ವಾಸನೆ,
ಮಂಜು ಹಿಡಿಯುತ್ತಿರುವ ಕನ್ನಡಕ, ರಬ್ಬರು,
ಪಕ್ಕದಲ್ಲಿ ಯಾರೋ ಮಲಗಿದ್ದಾರೆಂಬಷ್ಟು ಜೋರಾಗಿ ನನ್ನದೇ ಉಸಿರು.
ಗುಂಡಿ ಒತ್ತಿದೆ.
ಹೋಯಿತು!
ಎತ್ತಿನ ಗಾಡಿಗಿಂತ ನಿಧಾನ, ಆದರೂ
ಹೋದದ್ದು ನಾನು ತಿರುಗಿಸಿದ ಕಡೆಗೆ.

ಮೀನು ಬಂದವು. ರೂಢಿ ಬಿಡದು, ಎಣಿಸಿದೆ:
ಪಟ್ಟೆಯವು ಹದಿನಾರು, ಹಳದಿ ಒಂಬತ್ತು,
ಕಲೆಯಿದ್ದದ್ದು ಒಂದು, ಉಜ್ಜಿದರೂ ಹೋಗದ ಕಲೆ.
ಹೆಸರು ಗೊತ್ತಿಲ್ಲದ ಚಪ್ಪಟೆಯದೊಂದು
ಮರಳಿನಿಂದೆದ್ದು, ಅಂಚು ಝಾಡಿಸಿ,
ಒಗೆದು ಹರವಿದ ದುಪ್ಪಟಿಯಂತೆ ನನ್ನ ಕೆಳಗೆ ಹಾದುಹೋಯಿತು.
‘ಅಯ್ಯೋ, ಇದನ್ನ ನೋಡ್ರೀ’ ಎಂದು ಕೂಗಿದೆ.
ಗುಡಾಣದೊಳಗೆ ನನ್ನ ಮಾತು ನನಗೇ ತಾಗಿತು.

ರೋಮೆಲ್ ತಿರುಗಿ ಕಣ್ಣಲ್ಲೇ ಕೇಳಿದ: ಹೇಗಿದೆ?
ಹೇಗಿದೆ ಎಂದರೆ, ಹೇಗೆಂದು ಹೇಳುವುದು,
ಹೆಬ್ಬೆರಳೆತ್ತಿದೆ.
ಹಿಡಿದ, ಎತ್ತಿದ. ಬಿಸಿಲು, ಡೀಸೆಲ್ ವಾಸನೆ,
ಇವರ ಗಾಬರಿ ಮುಖ: ‘ಏನಾತೇ?’
‘ಏನಿಲ್ರೀ. ಚೆನ್ನಾಗೈತಿ ಅಂದೆ.’

ಮತ್ತೆ ಇಳಿಸಿದ. ಮತ್ತೆ ಅದೇ ನೀಲಿ,
ಮತ್ತೆ ಅದೇ ಹಾಳು ಹೆಬ್ಬೆರಳು.
ಎರಡನೆಯ ಸಲ ಮೇಲೆ ಬಂದಾಗ
ಪಕ್ಕದ ದೋಣಿಯ ರಷ್ಯನ್ನರು ಚಪ್ಪಾಳೆ ತಟ್ಟಿದರು.
ಚೆನ್ನಾಗಿದೆ ಎಂದರೆ ಸಾಕು, ಅಲ್ಲಿಂದ ಎತ್ತಿಬಿಡುತ್ತಾರೆ.
ಇದು ನನಗೆ ಹೊಸದೇನಲ್ಲ ಅನ್ನಿಸಿತು. ಯಾಕೆ ಅನ್ನಿಸಿತೋ,
ಯೋಚಿಸಲು ಪುರುಸೊತ್ತಿರಲಿಲ್ಲ, ಬಾಡಿಗೆ ಇಪ್ಪತ್ತೇ ನಿಮಿಷದ್ದು.

ಮೂರನೆಯ ಸಲ
ಹೆಬ್ಬೆರಳನ್ನು ತೋರುಬೆರಳಿಗೆ ಅಂಟಿಸಿಕೊಂಡೇ ಇಳಿದೆ.
ಅವನು ನೋಡಿದ, ಸುಮ್ಮನೆ ಮುಂದೆ ಹೋದ.
ಬಂಡೆಯೊಂದರ ಬಳಿ ಸ್ಕೂಟರು ನಿಲ್ಲಿಸಿದೆ.
ನಿಲ್ಲಿಸಲು ನನಗೆ ಬಂತು.
ನೀರೊಳಗೆ ಎಲ್ಲವೂ ಒಂದಿಷ್ಟು ದೊಡ್ಡದು:
ಮೊಣಕಾಲ ಹೊಲಿಗೆ ಐದೂ ಬೆಳೆದಿದ್ದವು.
ಕಡ್ಡಿಯಷ್ಟು ಮೀನೊಂದು ಬಂದು
ಅಲ್ಲಿ ಬಾಯಿಟ್ಟು ನೋಡಿ, ಬೇಡವೆಂದು ಹೋಯಿತು.

ಹಿಂದಿರುಗುವಾಗ ಸುರಂಗ,
ಬೆಟ್ಟದ ಹೊಟ್ಟೆಯಲ್ಲಿ ಹಳದಿ ದೀಪಗಳ ಸಾಲು.
ಕಿವಿ ಇನ್ನೂ ಗುಂಯ್ ಅನ್ನುತ್ತಿದೆ, ಇವರ ಮಾತು ಎಲ್ಲಿಂದಲೋ:
‘ಹೆಂಗಿತ್ತು, ಹೇಳಲೇ ಇಲ್ಲ.’
ಉಂಗುರ ತೋರಿಸಿದೆ.
‘ಸೊನ್ನೆಯಾ? ಮುನ್ನೂರು ದಿರ್ಹಮ್ಮಿಗೆ ಸೊನ್ನೆಯಾ?’

ಸುರಂಗ ಮುಗಿಯುವವರೆಗೂ
ಬೆರಳು ಬಿಡಿಸಲಿಲ್ಲ.